ಹುಡುಕಿದರೂ ಸಿಗದ ಕಂತುಗಳು

2022ರ ಆಗಸ್ಟ್ ಮಧ್ಯದಲ್ಲಿ ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಎಂಬ ಸ್ಟ್ರೀಮಿಂಗ್ ಸೇವೆ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ 36 ಕಾರ್ಯಕ್ರಮಗಳ ಹೆಸರಿತ್ತು. ಆ ವಾರದಲ್ಲೇ ಅವೆಲ್ಲ ಸೇವೆಯಿಂದ ಹೊರಬೀಳಲಿದ್ದವು. 1969ರಿಂದ ನಡೆದುಬಂದ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಕಾರ್ಯಕ್ರಮದ ಸುಮಾರು 200 ಕಂತುಗಳೂ ಅದೇ ಹೊತ್ತಿಗೆ ಅಲ್ಲಿಂದ ಕಾಣೆಯಾದವು. ಅಭಿಮಾನಿಗಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಮಾತ್ರ ಆ ಪಟ್ಟಿಯಲ್ಲಿದ್ದ ‘ಇನ್ಫಿನಿಟಿ ಟ್ರೇನ್’ ಎಂಬ ಅನಿಮೇಷನ್ ಸರಣಿಯ ಹೆಸರು.

ಅದರ ಮೊದಲ ಭಾಗದ ಕಥೆ ಹೀಗಿದೆ. ಅಪ್ಪ ಅಮ್ಮ ಬೇರೆಯಾದ ಮೇಲೆ ಮನಸ್ಸು ಕೆಟ್ಟು ಮನೆ ಬಿಟ್ಟ ಟ್ಯೂಲಿಪ್ ಎಂಬ ಹುಡುಗಿ, ಕೊನೆಯೇ ಕಾಣದ ರೈಲೊಂದರೊಳಗೆ ಸೇರಿಹೋಗುತ್ತಾಳೆ. ಒಂದೊಂದು ಬೋಗಿಯೂ ಒಂದೊಂದು ಲೋಕ. ಅವಳ ಕೈಯಲ್ಲಿ ಒಂದು ಸಂಖ್ಯೆ ಹೊಳೆಯುತ್ತಿರುತ್ತದೆ. ಒಳಗಿನ ಕೋಪ, ದುಃಖ, ತನ್ನದೇ ತಪ್ಪೆಂಬ ಭಾವ ಒಂದೊಂದಾಗಿ ಬಿಡಿಸಿಕೊಂಡಂತೆ ಆ ಸಂಖ್ಯೆ ಇಳಿಯುತ್ತದೆ; ಸೊನ್ನೆಗೆ ಬಂದಾಗ ಮನೆಯ ದಾರಿ ತೆರೆಯುತ್ತದೆ. ಹನ್ನೊಂದು ನಿಮಿಷದ ಆಸುಪಾಸಿನ 40 ಪುಟ್ಟ ಕಂತುಗಳು, ನಾಲ್ಕು ಭಾಗಗಳಲ್ಲಿ, 2019ರಿಂದ 2021ರವರೆಗೆ ಬಂದವು. ಬೇರ್ಪಟ್ಟ ತಂದೆತಾಯಿಯ ಮಕ್ಕಳಿಗೆ ಇಷ್ಟು ನೇರವಾಗಿ, ಇಷ್ಟು ಮೆತ್ತಗೆ ಮಾತಾಡಿದ ಮಕ್ಕಳ ಸರಣಿಗಳು ಕಡಿಮೆ.

ಆಗಸ್ಟ್‌ನ ಆ ವಾರ ಸರಣಿಯ ಜೊತೆಗೆ ಅದರ ಸಂಗೀತದ ಆಲ್ಬಮ್ಮೂ ಕೇಳುವ ಸೇವೆಗಳಿಂದ ಹೋಯಿತು. ಅದನ್ನು ಮೊದಲು ಪ್ರಸಾರ ಮಾಡಿದ ಕಾರ್ಟೂನ್ ನೆಟ್‌ವರ್ಕ್ ತನ್ನ ಸಾಮಾಜಿಕ ಜಾಲತಾಣಗಳಲ್ಲಿ ಅದರ ಬಗ್ಗೆ ಹಾಕಿದ್ದ ತುಣುಕುಗಳೂ ಅಳಿದವು. ಸರಣಿಯನ್ನು ರೂಪಿಸಿದ ಓವೆನ್ ಡೆನಿಸ್ ತಮಗೆ ಮುನ್ಸೂಚನೆಯೇ ಇರಲಿಲ್ಲವೆಂದು ಬಹಿರಂಗವಾಗಿ ಬರೆದರು. ಮೊದಲೆರಡು ಭಾಗಗಳಿಗೆ ಡಿವಿಡಿ ಬಂದಿತ್ತು, ಜನ ಅದನ್ನು ಹುಡುಕಿ ಹುಡುಕಿ ಕೊಂಡರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಡಿಸ್ಕ್ ಬಂದಿರಲೇ ಇಲ್ಲ. ಜಪಾನಿ ಮೂಲದ ಒಬ್ಬ, ಕೊರಿಯನ್ ಮೂಲದ ಇನ್ನೊಬ್ಬ, ಇಬ್ಬರು ಕೆನಡಾದ ಹುಡುಗರ ಸ್ನೇಹ ಮತ್ತು ಸಂಗೀತದ ಕಥೆ ಆ ನಾಲ್ಕನೆಯ ಭಾಗ. ತಮ್ಮಂಥ ಮುಖಗಳನ್ನು ಅಲ್ಲಿ ಕಂಡು ಹಿಗ್ಗಿದ ಪ್ರೇಕ್ಷಕರಿಗೆ ಕಪಾಟಿನಲ್ಲಿಡಲು ಒಂದು ಡಿಸ್ಕೂ ಇರಲಿಲ್ಲ.

ಯಾರೂ ನೋಡುತ್ತಿರಲಿಲ್ಲ, ಆದ್ದರಿಂದ ತೆಗೆದರು ಎಂದು ಸುಮ್ಮನಾಗುವಂತಿಲ್ಲ. ಕಾರಣ ಲೆಕ್ಕದ ಪುಸ್ತಕದಲ್ಲಿದೆ. 2022ರ ಏಪ್ರಿಲ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್‌ನ ಒಡೆಯ ವಾರ್ನರ್ ಮೀಡಿಯಾ ಮತ್ತು ಡಿಸ್ಕವರಿ ಕಂಪನಿಗಳು ಒಂದಾಗಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಹುಟ್ಟಿತು. ಹುಟ್ಟುವಾಗಲೇ ಅದರ ತಲೆಯ ಮೇಲೆ 50 ಶತಕೋಟಿ ಡಾಲರಿಗೂ ಮೀರಿದ ಸಾಲವಿತ್ತು. ಖರ್ಚಿನಲ್ಲಿ 3 ಶತಕೋಟಿ ಡಾಲರ್ ಉಳಿಸುತ್ತೇವೆ ಎಂದು ಹೂಡಿಕೆದಾರರಿಗೆ ಮಾತು ಕೊಟ್ಟಾಗಿತ್ತು.

ಸರಣಿಯೊಂದಕ್ಕೆ ಹಾಕಿದ ಹಣವನ್ನು ಕಂಪನಿಗಳು ಒಂದೇ ವರ್ಷದ ಖರ್ಚಾಗಿ ತೋರಿಸುವುದಿಲ್ಲ. ಅದನ್ನು ಆಸ್ತಿಯೆಂದು ಬರೆದುಕೊಂಡು ಹಲವು ವರ್ಷಗಳಿಗೆ ಹಂಚುತ್ತವೆ. ಇನ್ನು ಈ ಆಸ್ತಿಗೆ ಬೆಲೆಯಿಲ್ಲ ಎಂದು ತೀರ್ಮಾನಿಸಿದರೆ, ಹಂಚದೆ ಉಳಿದ ಮೊತ್ತವನ್ನೆಲ್ಲ ಒಮ್ಮೆಗೇ ನಷ್ಟಕ್ಕೆ ಬರೆಯಬಹುದು. ತೆರಿಗೆಯ ಹೊರೆಯೂ ಇಳಿಯುತ್ತದೆ. ಅದರ ಜೊತೆಗೆ ಇನ್ನೊಂದು ಉಳಿತಾಯವಿದೆ. ಸರಣಿ ಸೇವೆಯಲ್ಲಿ ಇರುವಷ್ಟು ಕಾಲ ಅಮೆರಿಕದಲ್ಲಿ ಬರಹಗಾರರಿಗೆ, ನಟರಿಗೆ, ನಿರ್ದೇಶಕರಿಗೆ ಅವರ ಸಂಘಗಳ ಒಪ್ಪಂದದಂತೆ ಆಗಾಗ ಮರುಸಂಭಾವನೆ ಸಲ್ಲುತ್ತಿರುತ್ತದೆ. ಸರಣಿ ತೆಗೆದರೆ ಆ ಬಾಬತ್ತು ನಿಲ್ಲುತ್ತದೆ. ಕಲಾವಿದರಿಗೆ ಸಲ್ಲಬೇಕಾದ ಚಿಕ್ಕ ಪಾಲು ಅವರ ಕೃತಿಯನ್ನೇ ಅಳಿಸಲು ನೆಪವಾಗುವ ಈ ಲೆಕ್ಕಾಚಾರ ಅನ್ಯಾಯದ್ದು.

ಅದೇ ಆಗಸ್ಟ್‌ನಲ್ಲಿ ಅದೇ ಕಂಪನಿ, ಚಿತ್ರೀಕರಣ ಮುಗಿದಿದ್ದ, ಸುಮಾರು 90 ದಶಲಕ್ಷ ಡಾಲರ್ ವೆಚ್ಚದ ‘ಬ್ಯಾಟ್‌ಗರ್ಲ್’ ಚಿತ್ರವನ್ನು ಬಿಡುಗಡೆಯನ್ನೇ ಮಾಡದೆ ಕೈಬಿಟ್ಟಿತು. ಆ ಡಿಸೆಂಬರ್‌ನಲ್ಲಿ, ತನ್ನ ಹೆಮ್ಮೆಯ ಸರಣಿಗಳಲ್ಲಿ ಒಂದಾಗಿದ್ದ ‘ವೆಸ್ಟ್‌ವರ್ಲ್ಡ್’ ಅನ್ನೂ ಹೊರಗೆ ಹಾಕಿತು.

ಮರುವರ್ಷ ಡಿಸ್ನಿಯ ಸರದಿ. 2023ರ ಮೇ 26ರಂದು ಡಿಸ್ನಿ ಪ್ಲಸ್‌ನಿಂದ ಹತ್ತಾರು ಕಾರ್ಯಕ್ರಮಗಳು ಇಳಿದವು. ಬಳಿಕ ಕಂಪನಿ ಷೇರುದಾರರಿಗೆ ಸಲ್ಲಿಸಿದ ದಾಖಲೆಯಲ್ಲಿ ಇದಕ್ಕಾಗಿ 1.5 ಶತಕೋಟಿ ಡಾಲರ್ ನಷ್ಟವನ್ನು ಬರೆದುಕೊಂಡಿತು. ಹೋದವುಗಳಲ್ಲಿ ‘ವಿಲೋ’ ಇತ್ತು. 1988ರಲ್ಲಿ ಬಂದ ಅದೇ ಹೆಸರಿನ ಚಲನಚಿತ್ರವನ್ನು ಎಳೆಯರಾಗಿ ನೋಡಿದವರು, ಕಥೆ ಮುಂದುವರಿಯಲೆಂದು 34 ವರ್ಷ ಕಾದಿದ್ದರು. ಅದೇ ನಟ ವಾರ್ವಿಕ್ ಡೇವಿಸ್, ಅದೇ ಪಾತ್ರ. 2022ರ ನವೆಂಬರ್ 30ರಂದು ಸರಣಿ ಶುರುವಾಯಿತು. ಎಂಟು ಕಂತುಗಳು. ಪೂರ್ತಿ ಆರು ತಿಂಗಳೂ ಅದು ಅಲ್ಲಿ ನಿಲ್ಲಲಿಲ್ಲ. ಸರಣಿ ಎಲ್ಲಿ ಹೋಯಿತೆಂದು ಕೇಳುವ ಚಂದಾದಾರರಿಗೆ ಏನೆಂದು ಉತ್ತರ ಕೊಡಲಿ ಎಂದು ಡೇವಿಸ್ ಮುಂದೊಮ್ಮೆ ಬಹಿರಂಗವಾಗಿಯೇ ಡಿಸ್ನಿಯನ್ನು ಪ್ರಶ್ನಿಸಿದರು. ಚಂದ್ರನ ಮೇಲಿನ ಮಕ್ಕಳ ಕಥೆ ಹೇಳುವ ‘ಕ್ರೇಟರ್’ ಎಂಬ ಚಿತ್ರದ ಪಾಡು ಇದಕ್ಕಿಂತ ಕಡೆ. ಮೇ 12ರಂದು ಬಂತು, ಜೂನ್ 30ಕ್ಕೆ ಹೋಯಿತು.

ಡಿಸ್ನಿಯ ಆ ಪಟ್ಟಿಯಿಂದ ಒಂದು ಹೆಸರು ಮಾತ್ರ ಕೊನೆಗಳಿಗೆಯಲ್ಲಿ ಉಳಿಯಿತು. ‘ದ ಲಿಟ್ಲ್ ಮರ್ಮೇಡ್’, ‘ಬ್ಯೂಟಿ ಅಂಡ್ ದ ಬೀಸ್ಟ್’ ಚಿತ್ರಗಳ ಹಾಡುಗಳನ್ನು ಬರೆದು, ಏಡ್ಸ್‌ನಿಂದ 1991ರಲ್ಲಿ ತೀರಿಕೊಂಡ ಹೋವರ್ಡ್ ಆಶ್ಮನ್ ಅವರ ಬದುಕಿನ ಸಾಕ್ಷ್ಯಚಿತ್ರ ಅದು. ಹೆಸರು ‘ಹೋವರ್ಡ್’. ಜನ ಆಕ್ಷೇಪಿಸಿದರು, ಡಿಸ್ನಿ ಹಿಂದೆಗೆಯಿತು. ನೋಡುಗರು ದನಿಯೆತ್ತಿದರೆ ಫಲವಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಪಟ್ಟಿ ಹೊರಬಿದ್ದು ಕಾರ್ಯಕ್ರಮ ಅಳಿಯುವ ನಡುವೆ ಕೆಲವೇ ದಿನಗಳ ಅಂತರವಿರುವಾಗ, ದನಿಯೆತ್ತಲು ಎಲ್ಲ ಸರಣಿಗಳ ಪ್ರೇಮಿಗಳಿಗೂ ಪುರಸೊತ್ತು ಸಿಗುವುದಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಲೇಬೇಕು. ಬಿಬಿಸಿ 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ವಿಚಿತ್ರ ಪ್ರಯಾಣಿಕನ ಕಥೆ. ಮೊದಲ ಆರು ವರ್ಷಗಳಲ್ಲಿ 253 ಕಂತುಗಳು ಕಪ್ಪುಬಿಳುಪಿನಲ್ಲಿ ಬಂದವು. ಆಗ ವಿಡಿಯೊ ಟೇಪು ದುಬಾರಿ. ಒರೆಸಿ ಮತ್ತೆ ಬಳಸುತ್ತಿದ್ದರು. ನಟರ ಸಂಘದೊಂದಿಗಿನ ಒಪ್ಪಂದದಂತೆ ಒಂದು ಕಂತನ್ನು ಇಂತಿಷ್ಟೇ ಸಲ ಮರುಪ್ರಸಾರ ಮಾಡಬಹುದಿತ್ತು. ಅವಧಿ ಮುಗಿದ ಮೇಲೆ ಅದನ್ನು ಇಟ್ಟುಕೊಂಡು ಏನು ಪ್ರಯೋಜನ ಎಂಬ ಎಣಿಕೆ. ಬಣ್ಣದ ಟಿವಿ ಬಂದಮೇಲಂತೂ ಕಪ್ಪುಬಿಳುಪಿಗೆ ಕಿಮ್ಮತ್ತೇ ಉಳಿಯಲಿಲ್ಲ. ಟೇಪುಗಳನ್ನು ಒರೆಸಿದರು, ವಿದೇಶಕ್ಕೆ ಮಾರಲು ಮಾಡಿಸಿದ್ದ ಫಿಲ್ಮ್ ಪ್ರತಿಗಳನ್ನೂ ನಾಶ ಮಾಡಿದರು. ಹಳೆಯದನ್ನು ಕಾಪಾಡುವ ನೀತಿ ಬಿಬಿಸಿಗೆ ಬಂದದ್ದು 1978ರ ಹೊತ್ತಿಗೆ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕಂತುಗಳು ಹೋಗಿದ್ದವು.

ಆ ಕಂತುಗಳ ಧ್ವನಿಯನ್ನಾದರೂ ಉಳಿಸಿದವರು ಅಭಿಮಾನಿಗಳು. ಮನೆಗೆ ವಿಡಿಯೊ ರೆಕಾರ್ಡರ್ ಇನ್ನೂ ಬಾರದ ಕಾಲ. ಹರೆಯದ ಹುಡುಗರು ಪ್ರಸಾರದ ವೇಳೆಗೆ ಟಿವಿಯ ಸ್ಪೀಕರಿನ ಮುಂದೆ ಮೈಕು ಹಿಡಿದು, ಅಥವಾ ಟೇಪ್ ರೆಕಾರ್ಡರಿನ ತಂತಿಯನ್ನು ಟಿವಿಗೇ ಜೋಡಿಸಿ, ಪ್ರತಿ ಕಂತಿನ ಮಾತನ್ನೂ ಸಂಗೀತವನ್ನೂ ಹಿಡಿದಿಟ್ಟರು. ಚಿತ್ರ ಕಳೆದುಹೋದ ಕಂತುಗಳಲ್ಲಿ ಧ್ವನಿ ಇಲ್ಲದ ಕಂತು ಒಂದೂ ಇಲ್ಲ. ಅದನ್ನೇ ಮುಂದೆ ಬಿಬಿಸಿ ಶುಚಿಗೊಳಿಸಿ ಸಿಡಿಗಳಾಗಿ ಮಾರಿತು. 1966ರ ‘ದ ಪವರ್ ಆಫ್ ದ ಡಾಲೆಕ್ಸ್’ ಎಂಬ ಆರು ಕಂತಿನ ಕಥೆಯ ಒಂದು ಕಂತೂ ಪೂರ್ತಿಯಾಗಿ ಉಳಿದಿಲ್ಲ. 2016ರಲ್ಲಿ ಆ ಧ್ವನಿಯ ಮೇಲೆ ಹೊಸದಾಗಿ ಚಿತ್ರ ಬರೆದು ಅನಿಮೇಷನ್ ಮಾಡಿದರು. ಪಾತ್ರಗಳು ಎಲ್ಲಿ ನಿಂತಿದ್ದವು, ಯಾವ ಉಡುಪು ತೊಟ್ಟಿದ್ದವು ಎಂಬುದಕ್ಕೆ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕನ ಹಳೆಯ ಫೋಟೊಗಳು ನೆರವಾದವು. ಪ್ರಸಾರವಾಗುತ್ತಿದ್ದಂತೆಯೇ ಟಿವಿ ಪರದೆಯ ಫೋಟೊ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುವುದು ಅವನ ಕಸುಬಾಗಿತ್ತು.

ಫಿಲ್ಮ್ ಪ್ರತಿಗಳು ದೇಶದೇಶಕ್ಕೆ ಹೋಗಿದ್ದರಿಂದ ಹುಡುಕಾಟಕ್ಕೂ ಅವಕಾಶವಿತ್ತು. ನೈಜೀರಿಯಾದ ಜೋಸ್ ಪಟ್ಟಣದ ಟಿವಿ ಕೇಂದ್ರವೊಂದರ ಉಗ್ರಾಣದಲ್ಲಿ ಧೂಳು ಹಿಡಿದಿದ್ದ ಡಬ್ಬಿಗಳಿಂದ ಒಂಬತ್ತು ಕಂತುಗಳು ಮರಳಿ ಬಂದ ಸುದ್ದಿ 2013ರಲ್ಲಿ ಹೊರಬಿತ್ತು. ಕಂಪನಿಯ ಸರ್ವರಿನಿಂದ ಬರುವ ಇಂದಿನ ಸರಣಿಗೆ ಇಂಥ ಅದೃಷ್ಟವಿಲ್ಲ. ಅದರ ಡಬ್ಬಿ ಯಾವ ದೇಶಕ್ಕೂ ಹೋಗುವುದಿಲ್ಲ, ಯಾವ ಉಗ್ರಾಣದಲ್ಲೂ ಮರೆತುಹೋಗಿ ಬಿದ್ದಿರುವುದಿಲ್ಲ. ಕಂಪನಿ ತನ್ನಲ್ಲಿ ಒಂದು ಪ್ರತಿ ಇಟ್ಟುಕೊಂಡಿರಬಹುದು. ಆದರೆ ಅದನ್ನು ಇಟ್ಟುಕೊಳ್ಳಲೇಬೇಕು, ತೋರಿಸಲೇಬೇಕು ಎಂದು ಅದಕ್ಕೆ ಹೇಳುವವರು ಯಾರೂ ಇಲ್ಲ.

ಇಡೀ ಸರಣಿ ಅಳಿಯದೆ, ಅದರ ಉಸಿರು ಮಾತ್ರ ಹೋಗುವುದೂ ಉಂಟು. ಅಮೆರಿಕದ ಸಿಬಿಎಸ್‌ನಲ್ಲಿ 1978ರಿಂದ 1982ರವರೆಗೆ ಬಂದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ಒಂದು ರೇಡಿಯೊ ಕೇಂದ್ರದ ಹಾಸ್ಯ ಸರಣಿ. ಡಿಸ್ಕ್ ಜಾಕಿಗಳ ಕಥೆಯಾದ್ದರಿಂದ ಹಿನ್ನೆಲೆಯಲ್ಲಿ ಆ ಕಾಲದ ಜನಪ್ರಿಯ ರಾಕ್ ಹಾಡುಗಳು ನಿಜವಾಗಿಯೇ ಮೊಳಗುತ್ತಿದ್ದವು. ಹಾಡುಗಳ ಹಕ್ಕು ಪಡೆದಿದ್ದು ಟಿವಿ ಪ್ರಸಾರಕ್ಕೆ, ಅದೂ ಕೆಲವು ವರ್ಷಗಳಿಗೆ. ಡಿವಿಡಿ ಮಾಡುವ ಕಾಲಕ್ಕೆ ಹಕ್ಕಿನ ಬೆಲೆ ಕೈಗೆ ಸಿಗದಷ್ಟು ಏರಿತ್ತು. 2007ರ ಡಿವಿಡಿಯಲ್ಲಿ ಅನೇಕ ಹಾಡುಗಳ ಜಾಗದಲ್ಲಿ ಗುರುತು ಪರಿಚಯವಿಲ್ಲದ ಸಂಗೀತ ತುಂಬಿದರು; ಹಿಂದೆ ಹಾಡು ಕೇಳುತ್ತಿದ್ದ ಕಡೆ ಮಾತುಗಳನ್ನೂ ಕತ್ತರಿಸಬೇಕಾಯಿತು. ಬಹುಪಾಲು ಹಾಡುಗಳು ಮರಳಿ ಸೇರಿದ ಆವೃತ್ತಿ 2014ರಲ್ಲಿ ಬಂತು. ‘ಮೂನ್‌ಲೈಟಿಂಗ್’ ಎಂಬ ಎಂಬತ್ತರ ದಶಕದ ಹೆಸರಾಂತ ಸರಣಿ ಇದೇ ತೊಡಕಿನಿಂದಾಗಿ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇರದೆ, 2023ರ ಅಕ್ಟೋಬರ್‌ನಲ್ಲಿ ಹುಲು ಸೇವೆಗೆ ಬಂತು. ತಾಳ್ಮೆಯಿಂದ ಒಂದೊಂದೇ ಹಾಡಿನ ಹಕ್ಕನ್ನು ಬಿಡಿಸಿಕೊಂಡರೆ ಹಳೆಯದು ಮರಳಿ ಬರುತ್ತದೆ ಎಂದು ಇವೆರಡೂ ತೋರಿಸಿಕೊಟ್ಟಿವೆ.

ಹಾಗಾದರೆ ಚಂದಾ ಬೇಡ, ಇಷ್ಟವಾದದ್ದನ್ನು ಒಂದೊಂದಾಗಿ ಕೊಂಡುಕೊಳ್ಳೋಣ ಎಂದುಕೊಂಡವರಿಗೂ ನೆಮ್ಮದಿ ಇಲ್ಲ. ಸೋನಿಯ ಪ್ಲೇಸ್ಟೇಷನ್ ಅಂಗಡಿಯಲ್ಲಿ ಹಣ ಕೊಟ್ಟು ಡಿಸ್ಕವರಿ ವಾಹಿನಿಯ ಕಾರ್ಯಕ್ರಮ ಕೊಂಡವರಿಗೆ, 2023ರ ಡಿಸೆಂಬರ್ 31ರಿಂದ ಅವು ನಿಮ್ಮ ಸಂಗ್ರಹದಿಂದಲೇ ಹೋಗುತ್ತವೆ ಎಂಬ ಸೂಚನೆ ಬಂತು. 1,300ಕ್ಕೂ ಹೆಚ್ಚು ಸೀಸನ್‌ಗಳ ಪಟ್ಟಿ ಅದು. ಬಾಡಿಗೆಗೆ ತಂದದ್ದಲ್ಲ, ಖರೀದಿಸಿದ್ದು. ಜನ ಸಿಟ್ಟಿಗೆದ್ದರು. ತಿಂಗಳು ಮುಗಿಯುವ ಮೊದಲೇ ಎರಡು ಕಂಪನಿಗಳೂ ಹೊಸ ಒಪ್ಪಂದಕ್ಕೆ ಬಂದವು; ಕನಿಷ್ಠ 30 ತಿಂಗಳು ಅವು ಇರುತ್ತವೆ ಎಂದು ಸೋನಿ ಪ್ರಕಟಿಸಿತು. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾಯ್ದೆ ತಂದಿತು. ಗ್ರಾಹಕನಿಗೆ ಸಿಗುವುದು ಹಿಂಪಡೆಯಬಹುದಾದ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವಂತಿಲ್ಲ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಒಳ್ಳೆಯ ಕಾಯ್ದೆಯೇ. ಆದರೆ ಅದು ಕಾರ್ಯಕ್ರಮ ಹೋಗಬಹುದೆಂದು ಮುಂಚಿತವಾಗಿ ಹೇಳಿಸುತ್ತದೆಯೇ ಹೊರತು ಹೋಗದಂತೆ ತಡೆಯುವುದಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನೋಡುಗರೂ ಈ ಅಲೆದಾಟದ ರುಚಿ ಕಂಡವರೇ. ‘ಗೇಮ್ ಆಫ್ ಥ್ರೋನ್ಸ್’ ಸೇರಿದಂತೆ ಎಚ್‌ಬಿಒ ಸರಣಿಗಳು ಭಾರತದಲ್ಲಿ ಹಾಟ್‌ಸ್ಟಾರ್‌ನಲ್ಲಿದ್ದವು. 2023ರ ಮಾರ್ಚ್ 31ಕ್ಕೆ ಒಪ್ಪಂದ ಮುಗಿಯಿತು. ‘ಸಕ್ಸೆಶನ್’ ಸರಣಿಯ ಕೊನೆಯ ಸೀಸನ್ ಅಮೆರಿಕದಲ್ಲಿ ಶುರುವಾಗಿದ್ದೇ ಮಾರ್ಚ್ 26ಕ್ಕೆ. ಅಲ್ಲಿಂದ ಸುಮಾರು ಒಂದೂವರೆ ತಿಂಗಳು, ಜಿಯೊ ಸಿನಿಮಾದಲ್ಲಿ ಅವು ಬರುವವರೆಗೆ, ಭಾರತದ ಚಂದಾದಾರರಿಗೆ ನ್ಯಾಯವಾಗಿ ನೋಡುವ ದಾರಿಯೇ ಇರಲಿಲ್ಲ. ಅದೇ ವರ್ಷ ವೂಟ್ ಆ್ಯಪ್ ಜಿಯೊ ಸಿನಿಮಾದೊಳಗೆ ಕರಗಿಹೋಯಿತು. ಕಲರ್ಸ್ ಕನ್ನಡದ ಧಾರಾವಾಹಿಗಳನ್ನು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಅದರಲ್ಲಿ ನೋಡುತ್ತಿದ್ದವರು ಹೊಸ ಆ್ಯಪ್ ಹಾಕಿಕೊಂಡು ಎಲ್ಲಿಗೆ ನಿಂತಿದ್ದೆವೋ ಹುಡುಕಬೇಕಾಯಿತು. 2025ರ ಫೆಬ್ರುವರಿ 14ರಂದು ಜಿಯೊ ಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಆದವು. ಸಮುದ್ರದಾಚೆಯ ಕನ್ನಡಿಗರಿಗೂ ಇದು ತಪ್ಪಿದ್ದಲ್ಲ: ಅಮೆರಿಕದಲ್ಲಿ ನೆಲೆಸಿದ ಭಾರತೀಯರು ಧಾರಾವಾಹಿಗೆ, ಕ್ರಿಕೆಟ್ಟಿಗೆ ನೆಚ್ಚಿಕೊಂಡಿದ್ದ ಹಾಟ್‌ಸ್ಟಾರ್ ಅಲ್ಲಿ 2022ರಲ್ಲಿ ಮುಚ್ಚಿತು, ಸರಕನ್ನು ಹುಲು ಮತ್ತು ಇಎಸ್‌ಪಿಎನ್ ಪ್ಲಸ್ ನಡುವೆ ಹಂಚಿದರು.

ಅಲೆದಾಡಿಯಾದರೂ ಸಿಗುವುದು ಬೇರೆ, ಎಲ್ಲೂ ಸಿಗದಿರುವುದು ಬೇರೆ. ಎರಡನೆಯ ನಷ್ಟ ಕನ್ನಡಕ್ಕೆ ಚೆನ್ನಾಗಿ ಗೊತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ, ಲಕ್ಷ್ಮೀಬಾಯಿ ಅವರ ಅಭಿನಯ. ಕೊಲ್ಹಾಪುರದಲ್ಲಿ ಚಿತ್ರೀಕರಣ. ಬೆಂಗಳೂರಿನಲ್ಲಿ ಜನ ಮುಗಿಬಿದ್ದು ನೋಡಿದ ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಕನ್ನಡ ಸಿನಿಮಾ ಮೊದಲ ಸಲ ಮಾತಾಡಿದಾಗ ಅದರ ದನಿ ಹೇಗಿತ್ತು ಎಂದು ಕೇಳುವ ಭಾಗ್ಯ ಮುಂದಿನ ಪೀಳಿಗೆಗಳಿಗೆ ತಪ್ಪಿಹೋಯಿತು.

ಪುಸ್ತಕದ ವಿಷಯದಲ್ಲಿ ಈ ದೇಶ ಹೀಗೆ ಕೈಚೆಲ್ಲಿ ಕೂತಿಲ್ಲ. 1954ರ ಕಾಯ್ದೆಯೊಂದರಂತೆ, ಭಾರತದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲೇ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದಿಲ್ಲಿಯ ಗ್ರಂಥಾಲಯಗಳಿಗೂ ಕಳುಹಿಸಬೇಕು. ತಪ್ಪಿದರೆ ಕಾಯ್ದೆ ಹೇಳುವ ದಂಡ ಐವತ್ತು ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ದಂಡ ಚಿಕ್ಕದು, ಪಾಲಿಸದವರೂ ಇದ್ದಾರೆ. ಆದರೂ ಆ ಕಾಯ್ದೆಯ ದೆಸೆಯಿಂದ, ಅಂಗಡಿಯಲ್ಲಿ ಎಂದೋ ಸಿಗದಂತಾದ ಎಷ್ಟೋ ಕನ್ನಡ ಪುಸ್ತಕಗಳು ಕೋಲ್ಕತ್ತದ ಕಪಾಟುಗಳಲ್ಲಿವೆ. ಪ್ರಕಾಶಕ ಅಂಗಡಿ ಮುಚ್ಚಬಹುದು, ಮರುಮುದ್ರಣ ನಿಲ್ಲಿಸಬಹುದು. ಕೊಟ್ಟ ಪ್ರತಿಯನ್ನು ವಾಪಸು ಕೇಳುವಂತಿಲ್ಲ. ಫ್ರಾನ್ಸ್ 1992ರ ಕಾಯ್ದೆಯಿಂದ ಇದೇ ನಿಯಮವನ್ನು ರೇಡಿಯೊ ಮತ್ತು ಟಿವಿ ಪ್ರಸಾರಕ್ಕೂ ವಿಸ್ತರಿಸಿತು. ಅಲ್ಲಿನ ರಾಷ್ಟ್ರೀಯ ಶ್ರವ್ಯದೃಶ್ಯ ಸಂಸ್ಥೆ ಪ್ರಸಾರವಾದದ್ದನ್ನು ಸಂಗ್ರಹಿಸಿಡುತ್ತದೆ, ಸಂಶೋಧಕರಿಗೆ ತೆರೆದಿಡುತ್ತದೆ.

ಸ್ಟ್ರೀಮಿಂಗ್ ಸರಣಿಗೂ ಹೀಗೊಂದು ಠೇವಣಿ ಬೇಕು. ಚಂದಾ ಪಡೆದು ಸಾರ್ವಜನಿಕರಿಗೆ ತೋರಿಸಿದ ಪ್ರತಿ ಸರಣಿಯ ಒಂದು ಪ್ರತಿ ಸಾರ್ವಜನಿಕ ಸಂಗ್ರಹಕ್ಕೆ ಸೇರಲಿ; ತೆಗೆಯುವ ಮೊದಲು ಕೆಲವು ತಿಂಗಳ ಮುನ್ಸೂಚನೆ ಚಂದಾದಾರರಿಗೂ ಸರಣಿಯನ್ನು ಮಾಡಿದವರಿಗೂ ಸಿಗಲಿ. ನಷ್ಟಕ್ಕೆ ಬರೆದು ತೆರಿಗೆಯ ಲಾಭ ಪಡೆದ ಕೃತಿಯನ್ನು ಬೇರೆಯವರು ಕೊಳ್ಳಲು ಮುಂದೆ ಬಂದರೆ ಮಾರಾಟಕ್ಕೆ ಬಾಗಿಲು ತೆರೆದಿರಲಿ. ಇದು ಆಗದ ಮಾತಲ್ಲ. ‘ಕಯೋಟಿ ವರ್ಸಸ್ ಆಕ್ಮೆ’ ಎಂಬ, ಸುಮಾರು 70 ದಶಲಕ್ಷ ಡಾಲರಿನ ಚಿತ್ರವನ್ನು ವಾರ್ನರ್ 2023ರ ನವೆಂಬರ್‌ನಲ್ಲಿ ಕೈಬಿಟ್ಟಾಗ ಚಿತ್ರರಂಗದವರೂ ಅಭಿಮಾನಿಗಳೂ ಬಿಡದೆ ಪ್ರತಿಭಟಿಸಿದರು. 2025ರ ಮಾರ್ಚ್‌ನಲ್ಲಿ ಕೆಚಪ್ ಎಂಟರ್‌ಟೇನ್‌ಮೆಂಟ್ ಎಂಬ ಚಿಕ್ಕ ಸಂಸ್ಥೆ ಅದನ್ನು ಕೊಂಡಿತು.

ಭಾರತದಲ್ಲಿ ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಯೂ ಇಲ್ಲ. ಪುಣೆಯ ಸಂಗ್ರಹಾಲಯವಿದೆ, ಹಳೆಯ ಫಿಲ್ಮುಗಳನ್ನು ಡಿಜಿಟಲ್‌ಗೆ ತರುವ ಅನುಭವ ಅಲ್ಲಿನವರಿಗಿದೆ. 1954ರ ಕಾಯ್ದೆಯೂ ಪುಸ್ತಕಗಳಿಗೆ ಮಾತ್ರ ಎಂದು ಶುರುವಾಗಿ, ಎರಡೇ ವರ್ಷದಲ್ಲಿ, 1956ರಲ್ಲಿ, ಒಂದು ತಿದ್ದುಪಡಿಯಿಂದ ವೃತ್ತಪತ್ರಿಕೆಗಳನ್ನೂ ತನ್ನೊಳಗೆ ಸೇರಿಸಿಕೊಂಡಿತು. ಇಂದು ಕನ್ನಡದಲ್ಲಿ ತಯಾರಾಗಿ ಓಟಿಟಿಯಲ್ಲಷ್ಟೇ ಬರುವ ಸರಣಿಗಳನ್ನೂ ಅಂಥದೇ ಇನ್ನೊಂದು ತಿದ್ದುಪಡಿ ಒಳಗೊಳ್ಳಬಲ್ಲದು.